ರಜೆಯಲ್ಲಿದ್ದವರ ಕುರ್ಚಿ

ಇಂಟರ್ನ್‌ಶಿಪ್ ಸಿಕ್ಕಿತು ಎಂದಾಗ ಎಲ್ಲರೂ ಕೆಲಸದ ಬಗ್ಗೆಯೇ ವಿಚಾರಿಸಿದರು. ಎಷ್ಟು ತಿಂಗಳು, ಭತ್ಯೆ ಕೊಡುತ್ತಾರೋ ಇಲ್ಲವೋ, ಮುಂದೆ ಅಲ್ಲಿಯೇ ನೌಕರಿಯಾದೀತೋ. ಗುರುತು ಪರಿಚಯವಿಲ್ಲದ ನಗರದಲ್ಲಿ ಒಬ್ಬರೇ ಇರುವುದೂ ಒಂದು ಪೂರ್ಣಾವಧಿ ಕೆಲಸವೇ ಎಂದು ಯಾರೂ ಹೇಳಲಿಲ್ಲ. ಅದಕ್ಕೆ ಭತ್ಯೆಯೂ ಇಲ್ಲ, ಕೊನೆಯಲ್ಲಿ ಪ್ರಮಾಣಪತ್ರವೂ ಇಲ್ಲ.

ಮನೆಯ ನೆನಪಾಗಿ ಅಳು ಬರಬಹುದು ಎಂದು ಸಿದ್ಧವಾಗಿಯೇ ಹೋಗಿದ್ದೆ. ಅಳು ಬರಲಿಲ್ಲ, ಬಂದದ್ದು ದಣಿವು. ಬಲ್ಬು ಸುಟ್ಟರೆ ಅದು ಯಾವ ಬಗೆಯದೆಂದು ನೋಡಿ ಹೊಸದು ತರಬೇಕಾದದ್ದು ನಾನು. ನಲ್ಲಿಯಲ್ಲಿ ನೀರು ನಿಂತರೆ ಯಾರಿಗೆ ಹೇಳಬೇಕೆಂದು ಹುಡುಕಬೇಕಾದದ್ದು ನಾನು. ಬಾಗಿಲು ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಅನುಮಾನ ಬಂದರೆ ಕೇಳುವುದಕ್ಕೂ ಯಾರಿಲ್ಲ. ಮನೆಯಲ್ಲಿ ಇಂಥವೆಲ್ಲ ನಾಲ್ಕು ತಲೆಗಳಿಗೆ ಹಂಚಿಹೋಗಿರುತ್ತವೆ, ಯಾರ ಪಾಲಿಗೆ ಯಾವುದು ಎಂದು ಲೆಕ್ಕ ಇಟ್ಟವರೂ ಇರುವುದಿಲ್ಲ. ಒಂದೇ ತಲೆಗೆ ಬಂದಾಗಲೇ ಅವುಗಳ ತೂಕ ತಿಳಿಯುವುದು. ಅಂಗಡಿಯಲ್ಲಿ ಸೋಪುಗಳ ಸಾಲಿನ ಮುಂದೆ ನಿಂತು, ಇದೊಂದನ್ನಾದರೂ ಬೇರೆ ಯಾರಾದರೂ ಆರಿಸಿಕೊಡಬಾರದೇ ಎನಿಸಿದ್ದುಂಟು.

ಮೊದಲ ರಾತ್ರಿ ಬಂದದ್ದು ಬರೀ ತೇಲುನಿದ್ರೆ. ಪಕ್ಕದ ಕೋಣೆಯ ಚಿಲಕ ಸರಿದರೆ ಎಚ್ಚರ, ಮೇಲಿನ ಮಹಡಿಯಲ್ಲಿ ಯಾರೋ ಕುರ್ಚಿ ಎಳೆದರೆ ಎಚ್ಚರ. ಇಷ್ಟು ಪುಕ್ಕಲುತನ ಎಲ್ಲಿಂದ ಬಂತೆಂದು ನನ್ನನ್ನೇ ಬೈದುಕೊಂಡೆ. ಅದು ಪುಕ್ಕಲುತನವಲ್ಲವಂತೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಆಮೇಲೆ ಓದಿದೆ. ಹೊಸ ಜಾಗದಲ್ಲಿ ಮಲಗಿದ ಮೊದಲ ರಾತ್ರಿ ಮೆದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ನಿದ್ರಿಸುವುದಿಲ್ಲ, ಅಪರಿಚಿತ ಸದ್ದಿಗೆ ಕಿವಿಗೊಟ್ಟೇ ಇರುತ್ತದೆ. ಅದೇ ಜನರು ಕೆಲವು ದಿನ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಮಲಗಿದಾಗ ಈ ವ್ಯತ್ಯಾಸ ಕಾಣಲಿಲ್ಲ. ನನ್ನ ಅರ್ಧ ಮೆದುಳು ನನಗಾಗಿ ಕಾವಲು ಕೂತಿತ್ತು ಎಂದು ತಿಳಿದ ಮೇಲೆ ಬೈಗುಳ ಹಿಂತೆಗೆದುಕೊಂಡೆ. ಕೆಲಸಕ್ಕೆ ಸೇರುವ ಹಿಂದಿನ ದಿನ ಊರು ತಲುಪುವವರಿಗೆ ನಾನು ಹೇಳುವುದಿಷ್ಟೇ: ಸಾಧ್ಯವಾದರೆ ಎರಡು ಮೂರು ದಿನ ಮೊದಲೇ ಹೋಗಿ ಆ ರಾತ್ರಿಯನ್ನು ಮುಗಿಸಿಕೊಳ್ಳಿ.

ಕಚೇರಿಯಲ್ಲಿ ನಾನು ಬರುವ ವಿಷಯ ಎಲ್ಲರಿಗೂ ಗೊತ್ತಿತ್ತು, ಬಂದ ಮೇಲೆ ಏನು ಮಾಡಿಸಬೇಕೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗುರುತಿನ ಚೀಟಿ ತಯಾರಾಗಿರಲಿಲ್ಲ, ಕಂಪ್ಯೂಟರಿನ ಪಾಸ್‌ವರ್ಡ್ ಬಂದಿರಲಿಲ್ಲ. ರಜೆಯಲ್ಲಿದ್ದ ಯಾರದೋ ಕುರ್ಚಿಯಲ್ಲಿ ಕೂರಿಸಿದರು. ಮೇಜಿನ ಮೇಲೆ ಅವರ ಮಗುವಿನ ಫೋಟೋ, ಅವರ ಕನ್ನಡಕದ ಡಬ್ಬಿ, ಅರ್ಧ ಬರೆದ ಒಂದು ಪಟ್ಟಿ. ಕೈಚೀಲವನ್ನು ತೊಡೆಯ ಮೇಲೆಯೇ ಇಟ್ಟುಕೊಂಡು, ಕೊಟ್ಟ ಹಳೆಯ ವರದಿಗಳನ್ನು ಓದುತ್ತಾ ದಿನ ದೂಡಿದೆ. ವಿದ್ಯಾರ್ಥಿಯನ್ನು ಕರೆಸಿಕೊಳ್ಳುವವರು ಒಂದು ಖಾಲಿ ಮೇಜನ್ನೂ ಒಂದು ಚಿಕ್ಕ ಕೆಲಸವನ್ನೂ ಮೊದಲೇ ತೆಗೆದಿಡುವುದು ದೊಡ್ಡ ವಿಷಯವೇನಲ್ಲ.

ನನ್ನನ್ನು ಆ ಕುರ್ಚಿಯಿಂದ ಎಬ್ಬಿಸಿದ್ದು ಕೆಳಗಿನ ಕಾಂಕ್ರೀಟ್ ಪ್ರಯೋಗಾಲಯ. ಓದುತ್ತಿರುವುದು ಸಿವಿಲ್ ಎಂಜಿನಿಯರಿಂಗ್ ಆದರೂ ಕಾಂಕ್ರೀಟನ್ನು ಕೈಯಲ್ಲಿ ಮುಟ್ಟಿದ್ದು ಕಡಿಮೆ. 150 ಮಿಲಿಮೀಟರ್ ಅಳತೆಯ ಘನಾಕಾರದ ಅಚ್ಚು. ಒಳಮೈಗೆ ತೆಳುವಾಗಿ ಎಣ್ಣೆ ಸವರಬೇಕು. ಮೂರು ಪದರಗಳಲ್ಲಿ ತುಂಬಬೇಕು, ಪ್ರತಿ ಪದರವನ್ನೂ ಸಲಾಕೆಯಿಂದ 35 ಸಲ ಕುಟ್ಟಬೇಕು, ಕೊನೆಗೆ ಕರಣೆಯಿಂದ ಮಟ್ಟ ಮಾಡಬೇಕು. ಮಾರನೆಯ ದಿನ ಅಚ್ಚು ಬಿಚ್ಚಿ, ಗುರುತು ಬರೆದು, ನೀರಿನ ತೊಟ್ಟಿಗೆ ಇಳಿಸಬೇಕು. ಒಣಗಿದರೆ ಕಾಂಕ್ರೀಟು ಗಟ್ಟಿಯಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಲ್ಲ, ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ. ಬೇಗ ಒಣಗಿದ ಕಾಂಕ್ರೀಟಿಗೆ ಬರಬೇಕಾದ ಬಲ ಬರುವುದಿಲ್ಲ. ಏಳನೆಯ ದಿನಕ್ಕೆ ಸುಮಾರು ಮೂರರಲ್ಲಿ ಎರಡು ಪಾಲು ಬಲ ಬಂದಿರುತ್ತದೆ, ಲೆಕ್ಕಕ್ಕೆ ಹಿಡಿಯುವುದು 28ನೆಯ ದಿನದ್ದು.

ಬಲ ಎಷ್ಟೆಂದು ಅಳೆಯಲು ಘನವನ್ನು ಯಂತ್ರದಲ್ಲಿ ಒತ್ತಿ ಒಡೆಯುತ್ತಾರೆ. ಒಡೆಯುವ ದಿನ ನಾನು ಯಂತ್ರದ ಮುಳ್ಳನ್ನೇ ನೋಡುತ್ತಾ ನಿಂತಿದ್ದೆ. ಅಲ್ಲಿನ ಹಿರಿಯ ತಂತ್ರಜ್ಞರು, "ಅಂಕಿ ಎಲ್ಲಿಗೂ ಓಡಿಹೋಗುವುದಿಲ್ಲ, ಒಡೆದದ್ದನ್ನು ನೋಡಿ" ಎಂದರು. ನಾಲ್ಕು ಪಕ್ಕಗಳೂ ಹಳುಕು ಹಳುಕಾಗಿ ಉದುರಿ, ನಡುವೆ ಉಳಿದದ್ದು ಡಮರುವಿನ ಆಕಾರ. ಮೇಲಿನ ಮತ್ತು ಕೆಳಗಿನ ಉಕ್ಕಿನ ಫಲಕಗಳು ತಾವು ತಾಗಿದ ಮುಖಗಳನ್ನು ಘರ್ಷಣೆಯಿಂದ ಬಿಗಿಹಿಡಿಯುತ್ತವೆ, ಅಗಲವಾಗಲು ಬಿಡುವುದಿಲ್ಲ. ಹಿಡಿತವಿಲ್ಲದ ನಡುಭಾಗದ ಪಕ್ಕಗಳು ಕಳಚಿಕೊಳ್ಳುತ್ತವೆ. ಓರೆಯಾಗಿ, ಒಂದೇ ಪಕ್ಕ ಬಿರುಕು ಬಿಟ್ಟಿದ್ದರೆ ಘನ ಸರಿಯಾಗಿ ಕೂತಿರಲಿಲ್ಲವೋ ಮುಖ ಸಮತಟ್ಟಾಗಿರಲಿಲ್ಲವೋ ಎಂದು ಹುಡುಕಬೇಕು, ಆ ಅಂಕಿಯನ್ನು ಕಣ್ಣುಮುಚ್ಚಿ ಬರೆದುಕೊಳ್ಳಬಾರದು. ಪುಸ್ತಕದ ಚಿತ್ರದಲ್ಲಿ ಇದನ್ನು ಎಷ್ಟೋ ಸಲ ದಾಟಿ ಹೋಗಿದ್ದೆ.

ಕೆಲಸದ ದಿನಗಳು ಹೀಗೆ ದಾರಿಗೆ ಬಂದವು. ರಜಾದಿನಗಳು ದಾರಿಗೆ ಬರಲಿಲ್ಲ. ಭಾನುವಾರ ಯಾರೊಡನೆಯೂ ಒಂದು ಮಾತು ಆಡದೆ ಕಳೆದು, ಸೋಮವಾರ ಬೆಳಿಗ್ಗೆ ಗೇಟಿನ ಕಾವಲುಗಾರರಿಗೆ ನಮಸ್ಕಾರ ಹೇಳಲು ಹೋದರೆ ಗಂಟಲಿನಿಂದ ಸ್ವರವೇ ಹೊರಡುತ್ತಿರಲಿಲ್ಲ. "ಶೀತವೇ?" ಎಂದು ಅವರು ಕೇಳಿದರು. ಹೌದು ಎಂದುಬಿಟ್ಟೆ.

ಗೆಳೆಯರನ್ನು ಮಾಡಿಕೊಳ್ಳಬೇಕು ಎಂಬ ಉಪದೇಶ ಎಲ್ಲರೂ ಕೊಡುತ್ತಾರೆ. ಕೆಲವೇ ತಿಂಗಳಲ್ಲಿ ಆಪ್ತ ಗೆಳೆತನ ಹುಟ್ಟಿಸುವುದು ನನ್ನಿಂದಾಗದ ಕೆಲಸ. ನನಗೆ ಒದಗಿದವರು ಅರೆಪರಿಚಿತರು. ಆ ಕಾವಲುಗಾರರು, ದಿನವೂ ಅದೇ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಮಹಿಳೆ, ಪ್ರಯೋಗಾಲಯದವರು. ಮಳೆ ಬಂದರೆ ನಮ್ಮ ನಿಲ್ದಾಣದಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ, ಹಿಂದಿನ ನಿಲ್ದಾಣದಲ್ಲೇ ಇಳಿಯಬೇಕು ಎಂದು ಹೇಳಿದ್ದು ಆ ಮಹಿಳೆ. ಅವರ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ಬರೆದಿದ್ದರು: ಹೊಸ ನೌಕರಿಯ ಸುದ್ದಿ ಪರಿಚಯಸ್ಥರಿಂದ ಸಿಕ್ಕಿದವರನ್ನು ವಿಚಾರಿಸಿದಾಗ, ಪದೇ ಪದೇ ಭೇಟಿಯಾಗುವವರಿಗಿಂತ ಅಪರೂಪಕ್ಕೆ ಕಾಣುವವರೇ ಹೆಚ್ಚಾಗಿ ಸುದ್ದಿ ಕೊಟ್ಟವರಾಗಿದ್ದರು. ಆಪ್ತರಿಗೆ ತಿಳಿದಿರುವುದು ಬಹುಮಟ್ಟಿಗೆ ನಮಗೂ ತಿಳಿದೇ ಇರುತ್ತದೆ. ನೀರು ನಿಲ್ಲುವ ನಿಲ್ದಾಣದ ವಿಷಯದಲ್ಲೂ ಮಾತು ಸರಿಯಾಗಿದೆ.

ಮನೆಗೆ ಫೋನು ಮಾಡುವುದೂ ಬದಲಾಯಿತು. ಮೊದಲೆಲ್ಲ ದಿನದ ವರದಿ ಒಪ್ಪಿಸುತ್ತಿದ್ದೆ. ಎಲ್ಲ ಸರಿಯಿದೆ ಎಂದು ಹೇಳುವುದೇ ಒಂದು ಪರೀಕ್ಷೆ, ಅಮ್ಮ ಸ್ವರದಲ್ಲೇ ಅಂಕ ಕೊಡುವವರು. ಈಗ ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕಕ್ಕಿಟ್ಟು ನಾನು ಬಟ್ಟೆ ಮಡಚುತ್ತೇನೆ, ಆ ಕಡೆ ಅಮ್ಮ ತಮ್ಮ ಕೆಲಸ ಮಾಡಿಕೊಳ್ಳುತ್ತಾರೆ. ಹತ್ತು ನಿಮಿಷ ಯಾರೂ ಮಾತಾಡದಿದ್ದರೂ ಇಬ್ಬರೂ ಫೋನು ಇಡುವುದಿಲ್ಲ. ಅಪ್ಪ ನಡುವೆ ಬಂದು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದೀಯಾ ಎಂದಷ್ಟೇ ಕೇಳಿ ಹೋಗುತ್ತಾರೆ.

ಮುಂದಿನ ವಾರ ನನ್ನ ಅವಧಿ ಮುಗಿಯುತ್ತದೆ. ಮೊನ್ನೆ ತುಂಬಿದ ಘನಗಳು ಇನ್ನೂ ತೊಟ್ಟಿಯಲ್ಲಿವೆ, ಅವಕ್ಕೆ 28 ದಿನ ತುಂಬುವಾಗ ನಾನಿಲ್ಲಿ ಇರುವುದಿಲ್ಲ. ಯಂತ್ರದ ಬಳಿ ನಿಲ್ಲುವವರು ಬೇರೆ ಯಾರೋ. ಅಂಕಿಗಳ ಜೊತೆಗೆ ಒಡೆದ ಘನದ ಫೋಟೋ ಕಳುಹಿಸುವುದಾಗಿ ತಂತ್ರಜ್ಞರು ಒಪ್ಪಿದ್ದಾರೆ. ಮರೆತರೆ ನಾನೇ ಫೋನು ಮಾಡಿ ಕೇಳುತ್ತೇನೆ, ನಂಬರು ಬರೆದುಕೊಂಡಿದ್ದೇನೆ.