ಮೂರು ದಿನ ತಾನೇ?

ಮಂಗಳವಾರ ರಾತ್ರಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬಾಲಿಗೆ ಹೊರಟವರ ಸಾಲು ಅರ್ಧ ಗಂಟೆ ಅಲ್ಲಾಡಲಿಲ್ಲ. ಕೌಂಟರಿನ ಮುಂದೆ ಅಪ್ಪ, ಅಜ್ಜಿ, ಅಮ್ಮ, ಅಮ್ಮನ ಸೊಂಟದ ಮೇಲೆ ಕೂತು ಪ್ರಿಂಟರಿಗೆ ಕೈ ಚಾಚುತ್ತಿದ್ದ ಪಾಪು.

"ಸರ್, ವಾಪಸ್ ಬರೋ ಹೊತ್ತಿಗೆ ಮಗುಗೆ ಎರಡು ವರ್ಷ ತುಂಬಿ ಮೂರು ದಿನ ಆಗಿರುತ್ತೆ. ಅಲ್ಲಿಂದ ಬರೋಕೆ ಸೀಟ್ ತಗೊಳ್ಳಲೇಬೇಕು."

"ಮೂರು ದಿನ ತಾನೇ ಮೇಡಂ?"

"ಒಂದು ದಿನ ಆದ್ರೂ ಅಷ್ಟೇ ಸರ್."

"ಹುಟ್ಟುಹಬ್ಬ ಅಲ್ಲೇ ಮಾಡೋಣ ಅಂದಿದ್ದು ನೀನೇ ಅಲ್ವೇನೋ," ಅಂತ ಹಿಂದಿನಿಂದ ಅಜ್ಜಿ. ಅವರು ಮಗನ ಪರವೋ ಕೌಂಟರಿನ ಹುಡುಗಿಯ ಪರವೋ ಕೊನೆಯವರೆಗೂ ಗೊತ್ತಾಗಲಿಲ್ಲ.

ಮಡಿಲ ಮಗುವಿನ ಟಿಕೆಟ್ ಇರುವುದು ಎರಡು ವರ್ಷ ತುಂಬುವ ತನಕ. ಲೆಕ್ಕ ಬುಕ್ ಮಾಡಿದ ದಿನದ ವಯಸ್ಸಿನದ್ದಲ್ಲ, ಆಯಾ ವಿಮಾನ ಹತ್ತುವ ದಿನದ್ದು. ನಡುವೆ ಹುಟ್ಟುಹಬ್ಬ ಬಂದರೆ ವಾಪಸಿನ ಸೀಟನ್ನು ಬುಕಿಂಗ್ ಸಮಯದಲ್ಲೇ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಕೌಂಟರಿನಲ್ಲಿ ನಿಂತು ಆ ದಿನದ ದರ ತೆರಬೇಕಾಗುತ್ತದೆ. ಕೊನೆಗೆ ಅವರೂ ತೆತ್ತರು, ಆದರೆ "ಮೂರು ದಿನ ತಾನೇ" ಅಂತ ಇನ್ನೆರಡು ಸಲ ಹೇಳಿದ ಮೇಲೆ.

ನನ್ನನ್ನು ಕೇಳಿದ್ದರೆ ಹೋಗುವಾಗಲೂ ಸೀಟ್ ತೆಗೆದುಕೊಳ್ಳಿ ಅನ್ನುತ್ತಿದ್ದೆ. ವಿಮಾನದ ತೊಟ್ಟಿಲು ಸಾಮಾನ್ಯವಾಗಿ ತಡೆಯುವುದು 10–11 ಕೆಜಿ, ಅದೂ ಗೋಡೆ ಎದುರಿನ ಸಾಲಿನಲ್ಲಿ ಮಾತ್ರ. ಎರಡರ ಹತ್ತಿರದ ಮಗುವಿನ ಕಾಲು ಅದರಿಂದ ಹೊರಗೇ ಇರುತ್ತದೆ. ಏಳು ತಾಸು ಅಷ್ಟು ಭಾರವನ್ನು ತೊಡೆಯ ಮೇಲೆ ಹೊರುವವರು ಯಾರು? ಲೆಕ್ಕ ಹಾಕಿದ ಅಪ್ಪನಂತೂ ಅಲ್ಲ. ಅಂದಹಾಗೆ ವಿಮಾನಕ್ಕೆ ಮಡಿಲ ಕೂಸಾದ ಪಾಪು ಇಂಡೋನೇಷ್ಯಾದ ಲೆಕ್ಕದಲ್ಲಿ ಪೂರ್ತಿ ಮನುಷ್ಯ. ಬಂದಿಳಿದ ಮೇಲೆ ಪಡೆಯುವ ವೀಸಾಕ್ಕೆ ತಲೆಗೆ 5 ಲಕ್ಷ ರುಪಿಯಾ, 2024ರಿಂದ ಬಾಲಿಯ ಪ್ರವಾಸಿ ತೆರಿಗೆ ತಲೆಗೆ 1.5 ಲಕ್ಷ ರುಪಿಯಾ. ಕೂಸಿಗೆ ರಿಯಾಯಿತಿ ಇಲ್ಲ.

ಅಜ್ಜಿ ಮಗುವಿನ ಕಿವಿಗೆ ಆಗಲೇ ಹತ್ತಿ ಇಟ್ಟಿದ್ದರು. ಹತ್ತಿ ಗಾಳಿ ತಡೆದೀತು, ವಿಮಾನದ ಕಿವಿನೋವು ತಡೆಯದು. ಒತ್ತಡ ಸಮವಾಗಬೇಕಾದ್ದು ಕಿವಿತಮಟೆಯ ಒಳಗಡೆ, ಗಂಟಲಿಗೆ ಕೂಡುವ ಸಣ್ಣ ಕೊಳವೆಯ ಮೂಲಕ. ನುಂಗಿದಾಗ ಆ ಕೊಳವೆ ತೆರೆಯುತ್ತದೆ. ಇಳಿಯುವುದಕ್ಕೆ ಅರ್ಧ ಗಂಟೆ ಮೊದಲು ಮಗುವನ್ನು ಎಬ್ಬಿಸಿ, ಎದೆಹಾಲೋ ಸ್ಟ್ರಾ ಲೋಟದ ನೀರೋ ಸ್ವಲ್ಪಸ್ವಲ್ಪ ಕುಡಿಸುತ್ತಿರಬೇಕು. ಮಲಗಿದೆ, ಪಾಪ, ಅಂತ ಬಿಟ್ಟರೆ ಚಕ್ರ ನೆಲ ಮುಟ್ಟುವ ಮೊದಲೇ ಅರಚಾಟ. ಮಗುವಿನ ಹಾಲು, ನೀರು, ಆಹಾರಕ್ಕೆ ಭದ್ರತಾ ತಪಾಸಣೆಯಲ್ಲಿ 100 ಮಿಲಿ ಮಿತಿಯಿಂದ ವಿನಾಯಿತಿ ಇದೆ, ಕೇಳಿದಾಗ ತೆಗೆದು ತೋರಿಸಬೇಕು ಅಷ್ಟೇ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಇಳಿದ ಮೇಲೆ. ರಾತ್ರಿ ವಿಮಾನ ಬೆಳಗ್ಗೆ ತಲುಪುತ್ತದೆ, ಹೋಟೆಲಿನ ಕೋಣೆ ಸಿಗುವುದು ಮಧ್ಯಾಹ್ನ ಎರಡು–ಮೂರಕ್ಕೆ. ನಿದ್ದೆಗೆಟ್ಟ ಮಗುವಿನ ಜೊತೆ ಲಾಬಿಯ ಸೋಫಾದಲ್ಲಿ ನಾಲ್ಕು ತಾಸು ಕಳೆಯುವುದಕ್ಕಿಂತ ಹಿಂದಿನ ರಾತ್ರಿಯ ಬಾಡಿಗೆ ಕೊಟ್ಟು ಕೋಣೆ ಹಿಡಿದಿಡುವುದೇ ಅಗ್ಗ. ಬಾಲಿಯ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದಿದೆ. ಮನೆಯಲ್ಲಿ ಏಳಕ್ಕೆ ಏಳುವ ಮಗು ಅಲ್ಲಿ ಒಂಬತ್ತೂವರೆಗೆ ಎದ್ದರೆ ಬಿಸಿಲು ಆಗಲೇ ಏರಿರುತ್ತದೆ. ಮರಳಲ್ಲಿ ಆಡಿಸಬಹುದಾದ ಹೊತ್ತು ಆರೂವರೆಯಿಂದ ಒಂಬತ್ತು, ಮತ್ತೆ ಸಂಜೆ ನಾಲ್ಕರ ನಂತರ. ಹಾಗಾಗಿ ಹೊರಡುವ ಐದು ದಿನ ಮೊದಲಿಂದ ದಿನಕ್ಕೆ ಅರ್ಧ ಗಂಟೆ ಬೇಗ ಮಲಗಿಸಿ, ಬೇಗ ಎಬ್ಬಿಸುತ್ತಾ ಬರಬೇಕು. ಸನ್‌ಸ್ಕ್ರೀನ್ ಎರಡು ತಾಸಿಗೊಮ್ಮೆ, ನೀರಿಂದ ಎದ್ದಾಗ ಮತ್ತೊಮ್ಮೆ. ತುಂಬುತೋಳಿನ ಈಜುಡುಪು ಹಾಕಿದರೆ ಹಚ್ಚುವ ಕೆಲಸ ಅರ್ಧ ಉಳಿಯುತ್ತದೆ.

ಯಾವ ಕಡಲು ಅನ್ನುವುದೂ ಮುಖ್ಯ. ಸೂರ್ಯಾಸ್ತದ ಫೋಟೋಗಳ ಕುಟಾ, ಸೆಮಿನ್ಯಾಕ್, ಚಂಗು ಪಶ್ಚಿಮಕ್ಕಿವೆ, ಅಲೆಸವಾರಿ ಮಾಡುವವರ ಜಾಗ. ದಡದಲ್ಲೇ ಒಳಸೆಳೆತ ಇರುತ್ತದೆ. ಪುಟ್ಟ ಮಗುವಿಗೆ ಪೂರ್ವದ ಸಾನೂರ್ ಅಥವಾ ನುಸಾ ದುವಾ. ಅಲ್ಲಿ ಹವಳದ ದಿಬ್ಬ ಅಲೆಯನ್ನು ಹೊರಗೇ ಮುರಿಯುತ್ತದೆ. ಆದರೆ ಸಾನೂರಿನಲ್ಲಿ ಇಳಿತದ ಹೊತ್ತಿಗೆ ನೀರು ದೂರ ಸರಿದು ಚೂಪು ಹವಳ, ಮೈತುಂಬ ಮುಳ್ಳಿರುವ ಕಡಲಜೀವಿ ಅರ್ಚಿನ್ ಕಾಲಿಗೆ ಸಿಗುತ್ತವೆ. ಉಬ್ಬರದ ಸಮಯ ದಿನಾ ಮುಕ್ಕಾಲು ಗಂಟೆಗೂ ಹೆಚ್ಚು ಮುಂದೆ ಹೋಗುವುದರಿಂದ ಪ್ರತಿ ಬೆಳಗ್ಗೆ ಕೇಳಿಕೊಳ್ಳಬೇಕು, ಮಗುವಿಗೆ ನೀರಿನ ಚಪ್ಪಲಿ ಹಾಕಬೇಕು. ತೋಳಿಗೆ ಕಟ್ಟುವ ಗಾಳಿಯ ಬಲೂನು ಆಟದ ಸಾಮಾನು, ಜೀವರಕ್ಷಕವಲ್ಲ. ಮಗು ಕೈಗೆಟುಕುವಷ್ಟು ಹತ್ತಿರವೇ ಇರಬೇಕು.

ಮಾಮೂಲಿ ಡೈಪರ್ ಹಾಕಿ ನೀರಿಗೆ ಬಿಟ್ಟರೆ ಅದು ನೀರು ಹೀರಿ ಉಬ್ಬಿ, ಹರಿದು, ಜೆಲ್ ಕೊಳದ ತುಂಬ ತೇಲುತ್ತದೆ. ಈಜಿನ ಡೈಪರ್ ಉಬ್ಬುವುದಿಲ್ಲ, ಆದರೆ ಅದು ಉಚ್ಚೆಯನ್ನೂ ತಡೆಯುವುದಿಲ್ಲ. ಇಳಿಯುವ ಕ್ಷಣಕ್ಕೆ ಹಾಕಿ ಎದ್ದ ಕೂಡಲೇ ತೆಗೆಯುವುದು. ಟ್ಯಾಕ್ಸಿಯಲ್ಲಿ ಹಾಕಿದವರ ತೊಡೆಗೇ ಅದರ ಅನುಭವ ಗೊತ್ತು.

ಊಟದ ಚಿಂತೆ ಅಷ್ಟಿಲ್ಲ. ರಾಗಿಸರಿ ಪುಡಿ ಜೊತೆಗಿರಲಿ, ಕೋಣೆಯ ಕೆಟಲ್‌ಗೆ ನಲ್ಲಿ ನೀರು ಬೇಡ, ಬಾಟಲಿ ನೀರೇ ಆಗಲಿ. ಅನ್ನ ಬೇಕೆಂದರೆ "ನಾಸಿ ಪುತಿಹ್", ಖಾರ ಬೇಡವೆಂದರೆ "ತಿದಾಕ್ ಪೆದಾಸ್". ಓಆರ್‌ಎಸ್ ಪೊಟ್ಟಣ ಆರೇಳು ಇಲ್ಲಿಂದಲೇ ಒಯ್ಯಬೇಕು, ಒಂದು ಲೀಟರಿನ ಪೊಟ್ಟಣಕ್ಕೆ ಒಂದೇ ಲೀಟರ್ ನೀರು. ಅರ್ಧ ಪೊಟ್ಟಣ ಅಂದಾಜಿಗೆ ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗಿ ಭೇದಿಗಿಂತ ಅದೇ ಕೆಡುಕು.

"ಮೂರು ದಿನ ತಾನೇ" ಇನ್ನೂ ಕಿವಿಯಲ್ಲಿದೆ. ಅದರ ತಮ್ಮಂದಿರೂ ಉಂಟು: ಐದು ನಿಮಿಷ ತಾನೇ ಬಿಸಿಲು, ಮೊಣಕಾಲುದ್ದ ತಾನೇ ನೀರು. ದೊಡ್ಡವರು ಒಬ್ಬರಿಗೊಬ್ಬರು ಹೇಳಿಕೊಂಡರೆ ನಡೆಯುತ್ತದೆ, ಎದುರಿನವರು ಹೇಗೋ ಹೊಂದಿಕೊಳ್ಳುತ್ತಾರೆ. ಉಬ್ಬರಕ್ಕೆ, ಪಾಸ್‌ಪೋರ್ಟಿಗೆ, ನಿದ್ದೆ ಬಂದ ಮಗುವಿಗೆ ಆ ದಾಕ್ಷಿಣ್ಯ ಇಲ್ಲ.

ಗೇಟಿನ ಹತ್ತಿರ ಪಾಪು ಕುರ್ಚಿಗಳ ನಡುವೆ ಓಡಿ ದಣಿಯುತ್ತಿತ್ತು. ಇಂಥ ಹೊತ್ತಲ್ಲಿ ಒಬ್ಬರು ಚೀಲ ಹೊತ್ತು ಮೊದಲು ಹತ್ತಬೇಕು, ಇನ್ನೊಬ್ಬರು ಕೊನೆಯ ಕರೆಯವರೆಗೆ ಮಗುವನ್ನು ಓಡಾಡಲು ಬಿಡಬೇಕು. ಒಳಗೆ ಕೂತ ಪ್ರತಿ ನಿಮಿಷವೂ ಏಳು ತಾಸಿಗೆ ಸೇರುತ್ತದೆ. ಅಷ್ಟರಲ್ಲಿ "ಚಿಕ್ಕ ಮಕ್ಕಳಿರುವವರು ಮೊದಲು ಬನ್ನಿ" ಎಂಬ ಕರೆ ಬಂತು. ಅಪ್ಪ ಮಗುವನ್ನು ಎತ್ತಿಕೊಂಡರು, ಮೂವರೂ ಓಡಿಹೋಗಿ ಸಾಲಿನಲ್ಲಿ ಮೊದಲು ನಿಂತರು.