ಬರೇ ಆನ್ ಮಾಡಿ ನೋಡೀನಿ ತಮ್ಮಾ

ವಿಜಯಪುರದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಹೋದ ಬೇಸಿಗೆಯಲ್ಲಿ ಒಣದ್ರಾಕ್ಷಿ ವ್ಯಾಪಾರದ ಕಾಕಾ ಒಬ್ಬರು ಸಿಪಿಯು ಹೊತ್ತು ತಂದರು. ಲೆಕ್ಕ ಬರೆಯುವ ಹುಡುಗ ಕೆಲಸ ಬಿಡುವ ಮುಂಚೆ ಟ್ಯಾಲಿಯ ಫೈಲುಗಳನ್ನೇ ಅಳಿಸಿ ಹೋಗಿದ್ದಾನೆ, ಕೋರ್ಟಿಗೆ ಹಾಕಬೇಕು ಅಂದರು.

"ನಾ ಏನೂ ಮಾಡಿಲ್ಲ ತಮ್ಮಾ, ಬರೇ ಆನ್ ಮಾಡಿ ನೋಡೀನಿ."

ನಾಲ್ಕು ದಿನ, ದಿನಾ ಆನ್ ಮಾಡಿದ್ದರು. ಸಾಲದ್ದಕ್ಕೆ ಅವರ ಮಗ ಅದೇ ಡಿಸ್ಕಿಗೆ ರಿಕವರಿ ಸಾಫ್ಟ್‌ವೇರ್ ಹಾಕಿದ್ದ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಫೈಲ್ ಡಿಲೀಟ್ ಮಾಡಿದ ತಕ್ಷಣ ಒಳಗಿನ ಮಾಹಿತಿ ಹೋಗಿಬಿಡುವುದಿಲ್ಲ, ಆ ಜಾಗ ಖಾಲಿ ಅಂತ ಗುರುತಾಗುತ್ತದೆ ಅಷ್ಟೇ. ಆದರೆ ವಿಂಡೋಸ್ ಶುರುವಾದರೆ ಸುಮ್ನೆ ಕೂರುವುದಿಲ್ಲ, ಲಾಗ್, ಅಪ್‌ಡೇಟ್, ಟೆಂಪ್ ಫೈಲ್ ಅಂತ ಏನಾದರೂ ಬರೆಯುತ್ತಲೇ ಇರುತ್ತದೆ, ಹೊಸ ಸಾಫ್ಟ್‌ವೇರ್ ಹಾಕಿದರಂತೂ ಹಳೆಯದರ ಮೇಲೇ ಹೋಗಿ ಕೂರಬಹುದು. ತಿರುಗುವ ತಟ್ಟೆಯ ಬದಲು ಚಿಪ್ ಇರುವ ಎಸ್‌ಎಸ್‌ಡಿ ಆದರೆ ಇನ್ನೂ ಜಾಸ್ತಿ ಕಷ್ಟ, ಟ್ರಿಮ್ ಅನ್ನುವ ವ್ಯವಸ್ಥೆ ಅಳಿಸಿದ್ದನ್ನು ತಾನಾಗಿಯೇ ಒರೆಸಿ ಹಾಕುತ್ತದೆ. ಮೇಲಾಗಿ, ಹುಡುಗ ಹೋದ ಮೇಲಿನ ತಾರೀಖುಗಳು ಡಿಸ್ಕಿನ ತುಂಬ ಇದ್ದರೆ, ಇದನ್ನು ನೀವೇ ಮಾಡಿದ್ದಲ್ವಾ ಅಂತ ಎದುರಿನ ವಕೀಲರು ಕೇಳದೆ ಬಿಡುತ್ತಾರಾ? ಕಾಕಾರ ಫೈಲುಗಳು ಅರ್ಧಕ್ಕರ್ಧ ಸಿಗಲೇ ಇಲ್ಲ.

ಆಫ್ ಇದ್ದರೆ ಆಫ್ ಇರಲಿ. (ಆನ್ ಇದ್ದರೆ ಮಾತು ಬೇರೆ. ಡಿಸ್ಕಿಗೇ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಹಾಕಿದ್ದರೆ, ಆಫ್ ಮಾಡಿದ ಮೇಲೆ ಕೀ ಇಲ್ಲದೆ ಡಿಸ್ಕ್ ತೆರೆಯುವುದಿಲ್ಲ. ವೈರ್ ಕೀಳುವ ಮುಂಚೆ ಗೊತ್ತಿರುವವರಿಗೆ ಫೋನ್ ಮಾಡಿ.)

ಮೊನ್ನೆ ನಮ್ಮ ಜಿಲ್ಲೆಯ ಇಂಡಿಯಿಂದ ನಿಂಬೆ ವ್ಯಾಪಾರಿ ಒಬ್ಬರು ಬಂದರು. ಕಂಪ್ಯೂಟರನ್ನು ಮುಟ್ಟದೆ ಹಾಗೇ ತಂದಿದ್ದರು, ಅವರ ವಕೀಲರು ಮೊದಲೇ ಹೇಳಿದ್ದರಂತೆ. ಅವರೆದುರೇ ಡಿಸ್ಕ್ ಬಿಚ್ಚಿ, ಸೀರಿಯಲ್ ನಂಬರಿನ ಫೋಟೋ ತೆಗೆದು, ಬಿಚ್ಚಿದ ಹೊತ್ತು ಬರೆದುಕೊಂಡೆ. ಆಮೇಲೆ ರೈಟ್ ಬ್ಲಾಕರಿಗೆ ಸಿಕ್ಕಿಸಿದೆ. ಅದರ ಮೂಲಕ ಡಿಸ್ಕನ್ನು ಓದಬಹುದು, ಒಂದಕ್ಷರವನ್ನೂ ಬರೆಯಲಾಗದು. ಬರೀ ಫೈಲ್ ಕಾಪಿ ಮಾಡಿದರೆ ಸಾಲದು, ಖಾಲಿ ಜಾಗವೂ ಸೇರಿ ಇಡೀ ಡಿಸ್ಕಿನ ಇಮೇಜ್, ಅಂದರೆ ಇದ್ದದ್ದು ಇದ್ದ ಹಾಗೇ ನಕಲು, ತೆಗೆಯಬೇಕು. 500 ಜಿಬಿಗೆ ಗಂಟೆಗಟ್ಟಲೆ ಹಿಡಿಯಿತು, ನಡುವೆ ಕರೆಂಟ್ ಹೋಯಿತು, ಯುಪಿಎಸ್ ಕೈಬಿಡಲಿಲ್ಲ. ಕೊನೆಗೆ ಡಿಸ್ಕಿನದೂ ಇಮೇಜಿನದೂ ಹ್ಯಾಶ್, ಅಂದರೆ ಒಳಗಿನ ಮಾಹಿತಿಯಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಗುರುತು, ತೆಗೆದೆ. ನಾನು ಬಳಸಿದ ಎಸ್‌ಎಚ್‌ಎ-256 ವಿಧಾನದಲ್ಲಿ ಅದು 64 ಅಕ್ಷರ-ಅಂಕಿಗಳ ಸಾಲು, ಒಳಗೆ ಒಂದು ಚುಕ್ಕೆ ಬದಲಾದರೂ ಇಡೀ ಸಾಲೇ ಬೇರೆಯಾಗುತ್ತದೆ. ಅವರು ಒಂದೊಂದೇ ಅಕ್ಷರ ಓದಿದರು, ನಾನು ಬೆರಳಿಟ್ಟು ನೋಡುತ್ತಾ ಹೋದೆ. ಎರಡೂ ಒಂದೇ.

ಆ ಸಾಲು ಕೋರ್ಟಿಗೆ ಬೇಕೇ ಬೇಕು. ಕಂಪ್ಯೂಟರಿನ ದಾಖಲೆ ಕೋರ್ಟಿಗೆ ಕೊಡುವಾಗ ಜೊತೆಗಿಡುವ ಪತ್ರಕ್ಕೆ ಮೊದಲು ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಅನ್ನುತ್ತಿದ್ದರು, 2020ರಲ್ಲಿ ಸುಪ್ರೀಂ ಕೋರ್ಟ್ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ, ಮೂಲವನ್ನೇ ಹಾಜರುಪಡಿಸದಿದ್ದರೆ ಅದು ಕಡ್ಡಾಯ ಅಂದಿತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಬಂದಿದೆ. ಈಗಿನ ನಮೂನೆಯಲ್ಲಿ ಎರಡು ಭಾಗ. ಒಂದಕ್ಕೆ ಕಂಪ್ಯೂಟರ್ ಯಾರ ಕೈಯಲ್ಲಿತ್ತೋ ಅವರ ಸಹಿ, ಇನ್ನೊಂದಕ್ಕೆ ತಜ್ಞರದು. ಎರಡರಲ್ಲೂ ಹ್ಯಾಶ್ ಬರೆಯಲು ಜಾಗ ಇದೆ.

ಮೂಲ ಡಿಸ್ಕನ್ನು ಕವರಿಗೆ ಹಾಕಿ ಸೀಲ್ ಮಾಡಿ, ಮೇಲೆ ಇಬ್ಬರೂ ಸಹಿ ಮಾಡಿದೆವು. ಅವರು ಅದನ್ನು ಮಡಿಲಲ್ಲಿ ಇಟ್ಟುಕೊಂಡೇ ಇಂಡಿ ಬಸ್ ಹತ್ತಿದರು.