ಹಂದಿಗೆ ಸುರಿದ ಹಣ್ಣು

28 ಆಗಸ್ಟ್ 2025, ಗುರುವಾರ

ಇಂದು ಐದನೆಯ ಶತಮಾನದ ಕ್ರೈಸ್ತ ಚಿಂತಕ ಸಂತ ಅಗಸ್ಟೀನರು ತೀರಿಕೊಂಡ ದಿನ. ನಿನ್ನೆಯ ಗಣೇಶನ ಹಬ್ಬದ ಕರಿಗಡುಬು ಡಬ್ಬಿಯಲ್ಲಿ ಉಳಿದಿತ್ತು. ಅದನ್ನು ಮೆಲ್ಲುತ್ತ ಅವರ ಆತ್ಮಕಥೆ ‘ಕನ್ಫೆಷನ್ಸ್’ ತೆರೆದೆ. ಬೆರಳಿನ ಎಣ್ಣೆ ಪುಟಕ್ಕೂ ಅಂಟಿತು. ಮೇ ತಿಂಗಳಲ್ಲಿ ಹೊಸ ಪೋಪ್ ಹದಿನಾಲ್ಕನೆಯ ಲಿಯೋ ತಾವು ಅಗಸ್ಟೀನರ ಮಗನೆಂದು (ಅವರ ಹೆಸರಿನ ಸಂನ್ಯಾಸಿ ಸಂಘದವರೆಂಬ ಅರ್ಥದಲ್ಲಿ) ಹೇಳಿಕೊಂಡಂದಿನಿಂದ ಪುಸ್ತಕ ಮೇಜಿನ ಮೇಲೆಯೇ ಇದೆ. ಓದಿದ್ದು ಕಡಿಮೆ.

ಪೇರ್ ಹಣ್ಣಿನ ಕಳ್ಳತನ ಬಂದಾಗಲೆಲ್ಲ ನನಗೆ ನಗು. ಹದಿನಾರರ ಹುಡುಗ ರಾತ್ರಿ ಗೆಳೆಯರೊಂದಿಗೆ ನೆರೆಯವರ ಮರ ಅಲುಗಿಸಿ, ಹೊರಲಾರದಷ್ಟು ಹಣ್ಣು ಹೊತ್ತು ತಂದು ಹಂದಿಗಳಿಗೆ ಸುರಿದ. ಹಸಿವಿರಲಿಲ್ಲ. ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಹಣ್ಣೇ ಇತ್ತು. ಮಾಡಬಾರದ್ದು ಎಂಬುದೇ ಅದರ ರುಚಿ. ಸುಮಾರು ಮೂವತ್ತು ವರ್ಷ ಕಳೆದು, ಉತ್ತರ ಆಫ್ರಿಕಾದ ಹಿಪ್ಪೋ ಪಟ್ಟಣದ ಬಿಷಪ್ಪರಾದ ಮೇಲೂ ಅದನ್ನು ಪುಟಗಟ್ಟಲೆ ಕೆದಕುತ್ತಾರೆ.

ಇಷ್ಟು ಲೆಕ್ಕ ಇಟ್ಟವರು ಒಬ್ಬಳ ಹೆಸರನ್ನು ಬರೆಯಲೇ ಇಲ್ಲ. ಆಫ್ರಿಕಾದ ಕಾರ್ಥೇಜಿನಲ್ಲಿ ಓದುವಾಗ ಜೊತೆಯಾದವಳು, ಹತ್ತಕ್ಕೂ ಹೆಚ್ಚು ವರ್ಷ ಬಾಳಿದವಳು, ಅದಿಯೋದಾತನೆಂಬ ಮಗನನ್ನು ಹೆತ್ತವಳು. ಮಿಲಾನಿನಲ್ಲಿ ಅಂತಸ್ತಿಗೆ ತಕ್ಕ ಹೆಣ್ಣು ಗೊತ್ತಾದಾಗ ಅವಳು ಆಫ್ರಿಕಾಕ್ಕೆ ಮರಳಬೇಕಾಯಿತು. ಇನ್ನೊಬ್ಬ ಗಂಡಸನ್ನು ಅರಿಯೆನೆಂದು ದೇವರಿಗೆ ಹರಕೆ ಹೊತ್ತು, ಮಗನನ್ನು ಬಿಟ್ಟು ಹೋದಳು. ಆ ಮದುವೆಯೂ ನಡೆಯಲಿಲ್ಲ. 387ರ ಈಸ್ಟರಿಗೆ ಬಿಷಪ್ ಅಂಬ್ರೋಸರು ತಂದೆ ಮಗ ಇಬ್ಬರಿಗೂ ದೀಕ್ಷಾಸ್ನಾನ ಕೊಟ್ಟರು. ಅವಳ ಮಾನ ಕಾಯಲೆಂದೇ ಹೆಸರು ಮರೆಮಾಚಿದರು ಎನ್ನುವವರಿದ್ದಾರೆ. ಇರಬಹುದು. ಆದರೆ ಅವಳು ಹೋದಾಗ ಎದೆ ಹರಿದು ರಕ್ತ ಸೋರಿತೆಂದು ಬರೆದ ಕೈಗೆ ಒಂದು ಹೆಸರು ಭಾರವಾಯಿತೇ?

410ರಲ್ಲಿ ರೋಮ್ ಲೂಟಿಯಾದ ಮೇಲೆ ಬರೆದ 22 ಭಾಗಗಳ ‘ದೇವನಗರ’ದ ಮಾತು ಇನ್ನೊಂದು ದಿನಕ್ಕಿರಲಿ. ಎಪ್ಪತ್ತು ದಾಟಿದ ಮೇಲೆ ಅವರು ತಮ್ಮ ಹಳೆಯ ಪುಸ್ತಕಗಳನ್ನು ಒಂದೊಂದಾಗಿ ತಿರುವಿ, ಎಲ್ಲೆಲ್ಲಿ ಎಡವಿದ್ದೇನೆ ಎಂದು ತಾವೇ ಪಟ್ಟಿ ಮಾಡಿದರು. ಗೆಳೆಯನ ಸಾವಿನ ಬಗ್ಗೆ ‘ಕನ್ಫೆಷನ್ಸ್’ನಲ್ಲಿ ಆಡಿದ ಒಂದು ಮಾತು ಬರೀ ಭಾಷಣವಾಯಿತೆಂದು ಒಪ್ಪಿಕೊಂಡರು. (ಆ ಗೆಳೆಯನಿಗೂ ಹೆಸರಿಲ್ಲ, ನೋಡಿ.) ಅವಳಿದ್ದ ಪುಟಕ್ಕೆ ಕೈ ಹಚ್ಚಲಿಲ್ಲ.

430. ಜರ್ಮನಿಕ್ ಬುಡಕಟ್ಟಿನ ವ್ಯಾಂಡಲರು ಹಿಪ್ಪೋಗೆ ಮುತ್ತಿಗೆ ಹಾಕಿ ಮೂರನೆಯ ತಿಂಗಳು. ಅಗಸ್ಟೀನರು ಜ್ವರದಿಂದ ಹಾಸಿಗೆ ಹಿಡಿದರು. ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ, ಮಲಗಿದಲ್ಲಿಂದಲೇ ಕಾಣುವಂತೆ ಗೋಡೆಗೆ ಹಾಕಿಸಿದರು. ಹತ್ತು ದಿನ ವೈದ್ಯರು ಬರುವಾಗ, ಊಟ ತರುವಾಗ ಬಿಟ್ಟರೆ ಯಾರಿಗೂ ಒಳಗೆ ಪ್ರವೇಶವಿರಲಿಲ್ಲ. ಓದುವುದು, ಅಳುವುದು. ಉಯಿಲು ಬರೆಯಲಿಲ್ಲ, ಬರೆಯಲು ಆಸ್ತಿಯೇ ಇರಲಿಲ್ಲ. ಚರ್ಚಿನ ಪುಸ್ತಕಗಳನ್ನು ಮಾತ್ರ ಮುಂದಿನವರಿಗಾಗಿ ಜೋಪಾನ ಮಾಡಿ ಎಂದು ಹೇಳಿದ್ದರಂತೆ.